ಸಕ್ಕರೆ ತಗ್ಗಿಸಿದ ಕ್ರೀಂ ಬಿಸ್ಕತ್ತು: ಸಿಹಿಯ ಹಿಂದಿರುವ ವಿಜ್ಞಾನ



ಆಹಾರವನ್ನು ಕುರಿತ ಮಾತುಕತೆ ಪ್ರಸಾರವಾದಾಗಲೆಲ್ಲ ನಮಗೆ ಬರುವ ಕಾಗದಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಇರುತ್ತದೆ. “ಚಾಕೊಲೇಟ್ ಕ್ರೀಂ ಬಿಸ್ಕತ್ತನ್ನು ಸಕ್ಕರೆ ಹಾಕದೆ ಮನೆಯಲ್ಲೇ ಮಾಡಬಹುದೇ?” ಕೇಳುವವರಲ್ಲಿ ಹೈಸ್ಕೂಲಿನ ಮಕ್ಕಳಿದ್ದಾರೆ, ಹಾಸ್ಟೆಲಿನಲ್ಲಿರುವ ಕಾಲೇಜು ವಿದ್ಯಾರ್ಥಿಗಳಿದ್ದಾರೆ. ಸ್ಟುಡಿಯೋದಲ್ಲಿ ಕುಳಿತ ತಜ್ಞರು “ಮಾಡಬಹುದು, ಆದರೆ...” ಎನ್ನುವಷ್ಟರಲ್ಲಿ ನಮ್ಮ ಗಡಿಯಾರದ ಮುಳ್ಳು ಕಾರ್ಯಕ್ರಮ ಮುಗಿಸಲು ಸೂಚಿಸುತ್ತಿರುತ್ತದೆ. ಆ “ಆದರೆ” ಎಂಬುದರ ಮುಂದಿನ ಮಾತನ್ನು ಈ ಪುಟಗಳಲ್ಲಿ ಪೂರ್ತಿ ಮಾಡೋಣ.

ಮೊದಲಿಗೆ ನನ್ನದೇ ಒಂದು ತಪ್ಪನ್ನು ಹೇಳಿಬಿಡುತ್ತೇನೆ.

ನನ್ನ ತಾಯಿಯವರಿಗೆ ಹಲವು ವರ್ಷಗಳಿಂದ ಮಧುಮೇಹವಿದೆ. ಕ್ರೀಂ ಬಿಸ್ಕತ್ತೆಂದರೆ ಅವರಿಗೆ ಮಕ್ಕಳಷ್ಟೇ ಆಸೆ. ಒಮ್ಮೆ ಅಂಗಡಿಯಲ್ಲಿ ‘ಸಕ್ಕರೆರಹಿತ’ ಎಂದು ಬರೆದಿದ್ದ ಚಾಕೊಲೇಟ್ ಕ್ರೀಂ ಬಿಸ್ಕತ್ತಿನ ಪೊಟ್ಟಣ ಕಂಡಿತು. ಎರಡು ಪೊಟ್ಟಣ ತಂದು, “ಅಮ್ಮಾ, ಇದರಲ್ಲಿ ಸಕ್ಕರೆಯೇ ಇಲ್ಲ, ಎಷ್ಟು ಬೇಕಾದರೂ ತಿನ್ನು” ಎಂದೆ. ಮಗ ವಿಜ್ಞಾನ ಓದಿದವನು, ಅವನು ಹೇಳಿದ ಮೇಲೆ ಸಂಶಯವೇನು? ಅವರು ನಂಬಿ ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು ತಿಂದರು. ಆ ವಾರದ ರಕ್ತಪರೀಕ್ಷೆಯಲ್ಲಿ ಗ್ಲೂಕೋಸ್ ಮಟ್ಟ ಏರಿತ್ತು. ನಾನು ಪೊಟ್ಟಣವನ್ನು ವೈದ್ಯರ ಮೇಜಿನ ಮೇಲಿಟ್ಟು ವಾದಿಸಿದೆ. ಅವರು ಅದನ್ನು ತಿರುಗಿಸಿ ಸಣ್ಣ ಅಕ್ಷರಗಳನ್ನು ಓದಿ ಒಂದೇ ಮಾತು ಕೇಳಿದರು: “ಸಕ್ಕರೆ ಇಲ್ಲ, ಸರಿ. ಮೈದಾ ಇಲ್ಲವೇನ್ರೀ?”

ಬಿ.ಎಸ್ಸಿ.ಯಲ್ಲಿ ರಸಾಯನಶಾಸ್ತ್ರ ಓದಿದ ನನ್ನ ಬಳಿ ಉತ್ತರವಿರಲಿಲ್ಲ. ಪೊಟ್ಟಣದ ಮೇಲೆ ಬರೆದದ್ದು ಸುಳ್ಳಾಗಿರಲಿಲ್ಲ. ನಾನು ಓದಿಕೊಂಡ ರೀತಿ ತಪ್ಪಾಗಿತ್ತು. ಮೈದಾದಲ್ಲಿರುವ ಪಿಷ್ಟವೂ ನಮ್ಮ ಹೊಟ್ಟೆಯಲ್ಲಿ ಒಡೆದು ಗ್ಲೂಕೋಸ್ ಆಗುತ್ತದೆ ಎಂಬುದು ನೀವೆಲ್ಲ ಜೀವಶಾಸ್ತ್ರದಲ್ಲಿ ಓದಿರುವ ಪಾಠವೇ ಅಲ್ಲವೇ? ಅಂದಿನಿಂದ ಕ್ರೀಂ ಬಿಸ್ಕತ್ತನ್ನು ಮನೆಯಲ್ಲೇ ಮಾಡಿ, ಅದರೊಳಗೆ ಏನೇನು ಎಷ್ಟೆಷ್ಟಿದೆ ಎಂದು ನಾನೇ ಲೆಕ್ಕ ಹಾಕತೊಡಗಿದೆ. ಹಾಗೆ ಕಲಿತದ್ದನ್ನು ಈಗ ನಿಮ್ಮ ಮುಂದಿಡುತ್ತಿದ್ದೇನೆ.

ಎರಡು ಬಿಸ್ಕತ್ತು, ನಡುವೆ ಒಂದು ಕ್ರೀಂ

ಬಿಸ್ಕತ್ತು ಎಂಬ ಪದದ ಮೂಲ ಲ್ಯಾಟಿನ್ ಭಾಷೆಯಲ್ಲಿದೆ. ‘ಎರಡು ಬಾರಿ ಬೇಯಿಸಿದ್ದು’ ಎಂದು ಅದರ ಅರ್ಥ. ನೀರಿನಂಶ ಹೋಗುವಂತೆ ಒಣಗಿಸಿದರೆ ಬಹುಕಾಲ ಕೆಡದೆ ಉಳಿಯುತ್ತದೆ ಎಂಬುದೇ ಇದರ ಮೂಲ ತತ್ತ್ವ. ನಡುವೆ ಕ್ರೀಂ ಇಟ್ಟ ಚಾಕೊಲೇಟ್ ಬಿಸ್ಕತ್ತು ಇಪ್ಪತ್ತನೆಯ ಶತಮಾನದ ಆರಂಭದ ಕೊಡುಗೆ. ಅಮೆರಿಕದಲ್ಲಿ 1908ರಲ್ಲಿ ಹೈಡ್ರಾಕ್ಸ್, 1912ರಲ್ಲಿ ಓರಿಯೋ ಮಾರುಕಟ್ಟೆಗೆ ಬಂದವು. ಇವೆರಡರ ನಡುವೆ, 1910ರಲ್ಲಿ, ಲಂಡನ್ನಿನ ಪೀಕ್ ಫ್ರೀನ್ಸ್ ಕಂಪನಿ ನಾವು ಇಂದು ಬೋರ್ಬನ್ ಎಂದು ಕರೆಯುವ ಉದ್ದನೆಯ ಬಿಸ್ಕತ್ತನ್ನು ತಂದಿತು. ಅದರ ಮೇಲಿನ ಸಣ್ಣ ತೂತುಗಳನ್ನು ನೀವು ಎಣಿಸಿಯೂ ಇರಬಹುದು. ಅವು ಅಲಂಕಾರಕ್ಕಾಗಿ ಮಾತ್ರ ಇರುವುದಲ್ಲ. ಬೇಯುವಾಗ ಹಿಟ್ಟಿನೊಳಗಿನ ನೀರು ಆವಿಯಾಗಿ ಹೊರಬರಲು ದಾರಿ ಬೇಕು. ದಾರಿ ಇಲ್ಲದಿದ್ದರೆ ಬಿಸ್ಕತ್ತು ಪೂರಿಯಂತೆ ಉಬ್ಬುತ್ತದೆ!

ಚಾಕೊಲೇಟಿನ ಮೂಲವಾದ ಕೋಕೋ ನಮಗೆ ದೂರದ ವಸ್ತುವೇನಲ್ಲ. ದಕ್ಷಿಣ ಕನ್ನಡದ ಅಡಿಕೆ ತೋಟಗಳಲ್ಲಿ ಮರಗಳ ನೆರಳಿನಲ್ಲಿ ಕೋಕೋ ಬೆಳೆಯುತ್ತಾರೆ. ಅಡಿಕೆ ಮತ್ತು ಕೋಕೋ ಬೆಳೆಗಾರರ ಸಹಕಾರಿ ಸಂಸ್ಥೆಯಾದ ಕ್ಯಾಂಪ್ಕೋ 1973ರಲ್ಲಿ ಸ್ಥಾಪನೆಯಾಯಿತು. ಪುತ್ತೂರಿನಲ್ಲಿ ಅದರ ಚಾಕೊಲೇಟ್ ಕಾರ್ಖಾನೆ 1986ರಲ್ಲಿ ಆರಂಭವಾಯಿತು. ಕೋಕೋ ಬೀಜವನ್ನು ಹುಳಿಬರಿಸಿ, ಒಣಗಿಸಿ, ಹುರಿದು, ಅರೆದು, ಕೊಬ್ಬನ್ನು ಬಹುಮಟ್ಟಿಗೆ ಹಿಂಡಿ ತೆಗೆದ ಮೇಲೆ ಉಳಿಯುವ ಹಿಂಡಿಯ ಪುಡಿಯೇ ಕೋಕೋ ಪುಡಿ. ಇದು ಸಿಹಿಯಲ್ಲ, ಕಹಿ. ಅಂಗಡಿಯಲ್ಲಿ ಕೇಳುವಾಗ ಎಚ್ಚರವಿರಲಿ: ಹಾಲಿಗೆ ಬೆರೆಸಿ ಕುಡಿಯುವ ಚಾಕೊಲೇಟ್ ಪುಡಿಯಲ್ಲಿ ಹೆಚ್ಚು ಪಾಲು ಸಕ್ಕರೆಯೇ ಇರುತ್ತದೆ. ನಮಗೆ ಬೇಕಾದದ್ದು ಸಕ್ಕರೆ ಬೆರೆಸದ ಕೋಕೋ ಪುಡಿ.

ಕೇರಂ ಸ್ಟ್ರೈಕರ್ ಆದ ಬಿಸ್ಕತ್ತು

ಸಕ್ಕರೆ ತಗ್ಗಿಸುವುದೆಂದರೆ ಪಾಕವಿಧಾನದಿಂದ ಸಕ್ಕರೆಯ ಸಾಲನ್ನು ಹೊಡೆದುಹಾಕುವುದು ಎಂದೇ ಮೊದಲು ನಾನೂ ತಿಳಿದಿದ್ದೆ. ಮೈದಾ, ಕೋಕೋ, ಬೆಣ್ಣೆ, ಹಾಲು ಎಲ್ಲವನ್ನೂ ಹಿಂದಿನ ಅಳತೆಯಲ್ಲೇ ಕಲಸಿ, ಸಕ್ಕರೆಯನ್ನು ಮಾತ್ರ ಬಿಟ್ಟು ಬೇಯಿಸಿದೆ. ಹೊರಬಂದದ್ದು ಕಂದುಬಣ್ಣದ ಗಟ್ಟಿ ಬಿಲ್ಲೆ. ಕಚ್ಚಿದರೆ ಮುರಿಯದು, ಮುರಿದರೆ ಗರಿಗರಿ ಇಲ್ಲ, ನಾಲಿಗೆಗೆ ಬರಿ ಕಹಿ. ಎಂಟನೆಯ ತರಗತಿಯಲ್ಲಿದ್ದ ಮಗಳು ಅದನ್ನು ಬೆರಳಿನಿಂದ ಮೇಜಿನ ಮೇಲೆ ಚಿಮ್ಮಿ, “ಅಪ್ಪಾ, ಕೇರಂ ಸ್ಟ್ರೈಕರ್ ಚೆನ್ನಾಗಿ ಬಂದಿದೆ” ಎಂದಳು.

ಅವಳ ನಗೆ ನಿಂತ ಮೇಲೆ ನಾನು ಯೋಚಿಸಿದೆ. ಸಿಹಿ ಹೋಗಬೇಕಾದದ್ದು ಸರಿ. ಆದರೆ ಮೃದುತ್ವ ಏಕೆ ಹೋಯಿತು? ಗರಿಗರಿ ಏಕೆ ಹೋಯಿತು? ಉತ್ತರ ಸರಳ. ಬಿಸ್ಕತ್ತಿನಲ್ಲಿ ಸಕ್ಕರೆಗೆ ಸಿಹಿ ಕೊಡುವುದೊಂದೇ ಕೆಲಸವಲ್ಲ. ಅದು ಒಬ್ಬನೇ ಆರು ಜನರ ಕೆಲಸ ಮಾಡುವ ಆಳಿನಂತೆ. ಅವನನ್ನು ಮನೆಗೆ ಕಳುಹಿಸುವ ಮುನ್ನ ಆ ಆರು ಕೆಲಸಗಳನ್ನು ಯಾರಿಗೆ ವಹಿಸಬೇಕೆಂದು ಗೊತ್ತಿರಬೇಕು.

ಸಕ್ಕರೆಯ ಆರು ಕೆಲಸಗಳು

ಒಂದು, ಸಿಹಿ. ಇದು ಎಲ್ಲರಿಗೂ ಗೊತ್ತಿರುವುದೇ. ಜೊತೆಗೆ ಅದು ಕೋಕೋದ ಕಹಿಯನ್ನು ಮರೆಮಾಡುತ್ತದೆ.

ಎರಡು, ಗಾಳಿಯನ್ನು ಹಿಡಿಯುವುದು. ಬೆಣ್ಣೆ ಮತ್ತು ಸಕ್ಕರೆಯನ್ನು ಕೂಡಿಸಿ ನೊರೆನೊರೆಯಾಗುವಂತೆ ತಿಕ್ಕುವುದನ್ನು ನೀವು ನೋಡಿರಬಹುದು. ಸಕ್ಕರೆ ಹರಳಿನ ಚೂಪು ಅಂಚುಗಳು ಬೆಣ್ಣೆಯೊಳಗೆ ಸಣ್ಣ ಸಣ್ಣ ಗಾಳಿಗುಳ್ಳೆಗಳನ್ನು ಸೇರಿಸುತ್ತವೆ. ಬೇಯುವಾಗ ಆ ಗುಳ್ಳೆಗಳು ಹಿಗ್ಗಿ ಬಿಸ್ಕತ್ತು ಹಗುರವಾಗುತ್ತದೆ.

ಮೂರು, ನೀರನ್ನು ಕಟ್ಟಿಹಾಕುವುದು. ಗೋಧಿಯ ಪ್ರೋಟೀನುಗಳು ನೀರಿನೊಡನೆ ಸೇರಿ ನಾದಿದಾಗ ಗ್ಲುಟೆನ್ ಎಂಬ ಎಳೆಯುವ ಗುಣದ ಜಾಲವಾಗುತ್ತದೆ. ಹೋಳಿಗೆಯ ಕಣಕ ರಬ್ಬರಿನಂತೆ ಹಿಗ್ಗುವುದು ಇದರಿಂದಲೇ. ಹೋಳಿಗೆಗೆ ಇದು ಬೇಕು, ಬಿಸ್ಕತ್ತಿಗೆ ಬೇಡ. ಸಕ್ಕರೆ ನೀರನ್ನು ತಾನೇ ಸೆಳೆದುಕೊಂಡು ಗ್ಲುಟೆನ್ನಿಗೆ ಸಿಗದಂತೆ ಮಾಡುತ್ತದೆ. ನನ್ನ ಬಿಸ್ಕತ್ತು ಸ್ಟ್ರೈಕರ್ ಆದದ್ದು ಮುಖ್ಯವಾಗಿ ಈ ಕೆಲಸ ತಪ್ಪಿದ್ದರಿಂದ.

ನಾಲ್ಕು, ಹರಡುವುದು ಮತ್ತು ಗಟ್ಟಿಯಾಗುವುದು. ಬಿಸಿಯಲ್ಲಿ ಸಕ್ಕರೆ ಕರಗಿ ಪಾಕವಾಗುತ್ತದೆ. ಬಿಸ್ಕತ್ತು ಸ್ವಲ್ಪ ಹರಡಿಕೊಳ್ಳುತ್ತದೆ. ಆರಿದಾಗ ಆ ಪಾಕ ಗಾಜಿನಂತೆ ಬಿರುಸಾಗುತ್ತದೆ. ಕಡಲೆಕಾಯಿ ಚಿಕ್ಕಿ ‘ಟಕ್’ ಎಂದು ಮುರಿಯುವುದರ ಗುಟ್ಟೂ ಇದೇ.

ಐದು, ಬಣ್ಣ ಮತ್ತು ಪರಿಮಳ. ಬಿಸಿಯಲ್ಲಿ ಕೆಲವು ಸಕ್ಕರೆಗಳೂ ಪ್ರೋಟೀನಿನ ಅಂಶಗಳಾದ ಅಮೈನೋ ಆಮ್ಲಗಳೂ ಸೇರಿ ಕಂದು ಬಣ್ಣವನ್ನೂ ಹುರಿದ ವಾಸನೆಯನ್ನೂ ಕೊಡುತ್ತವೆ. ಇದನ್ನು 1912ರಲ್ಲಿ ವಿವರಿಸಿದ ಫ್ರಾನ್ಸಿನ ವಿಜ್ಞಾನಿ ಲೂಯಿ ಕಮೀಲ್ ಮೈಯಾರ್ ಅವರ ಹೆಸರಿನಲ್ಲಿ ಇದನ್ನು ಮೈಯಾರ್ ಕ್ರಿಯೆ ಎನ್ನುತ್ತಾರೆ. ನಾವು ಬಳಸುವ ಸಕ್ಕರೆ, ಅಂದರೆ ಸುಕ್ರೋಸ್, ನೇರವಾಗಿ ಇದರಲ್ಲಿ ಭಾಗವಹಿಸದು. ಅದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಎಂದು ಒಡೆದ ಮೇಲೆ ಭಾಗವಹಿಸುತ್ತದೆ.

ಆರು, ಜಾಗ ತುಂಬುವುದು. ಅಂಗಡಿಯ ಬಿಸ್ಕತ್ತಿನ ಕ್ರೀಮಿನಲ್ಲಿ ಸಾಮಾನ್ಯವಾಗಿ ಅರ್ಧಕ್ಕಿಂತ ಹೆಚ್ಚು ಭಾಗ ನುಣ್ಣಗೆ ಪುಡಿಮಾಡಿದ ಸಕ್ಕರೆ, ಉಳಿದದ್ದು ಹೆಚ್ಚಾಗಿ ಕೊಬ್ಬು. ಹೆಸರು ಕ್ರೀಂ ಆದರೂ ಹಾಲಿನ ಕೆನೆಗೂ ಅದಕ್ಕೂ ಸಂಬಂಧ ಅಷ್ಟಕ್ಕಷ್ಟೆ. ಅದರಿಂದ ಸಕ್ಕರೆ ತೆಗೆದರೆ ಉಳಿಯುವುದು ಬರಿ ಜಿಡ್ಡಿನ ಮುದ್ದೆ.

ಬೆಲ್ಲ ಹಾಕಿದರೆ ಆಗದೇ?

ಈ ಪ್ರಶ್ನೆ ಬಂದೇ ಬರುತ್ತದೆ. ಬೆಲ್ಲದ ರುಚಿ ಬೇರೆ, ಅದರಲ್ಲಿ ಸ್ವಲ್ಪ ಖನಿಜಾಂಶಗಳೂ ಇವೆ. ಆದರೆ ಬೆಲ್ಲದ ಬಹುಪಾಲು ಸುಕ್ರೋಸೇ. ರಕ್ತದ ಗ್ಲೂಕೋಸಿನ ದೃಷ್ಟಿಯಿಂದ ಬೆಲ್ಲವನ್ನು ಸಕ್ಕರೆಯ ಲೆಕ್ಕದಲ್ಲೇ ಹಿಡಿಯಬೇಕು. ಜೇನುತುಪ್ಪವೂ ಹಾಗೆಯೇ. ಮೇಲಾಗಿ ಇವೆರಡೂ ಗಾಳಿಯ ತೇವವನ್ನು ಬೇಗ ಹೀರುವುದರಿಂದ ಬಿಸ್ಕತ್ತು ಬೇಗ ಮೆತ್ತಗಾಗುತ್ತದೆ.

ಕೃತಕ ಸಿಹಿಕಾರಕಗಳು? ಆಸ್ಪರ್ಟೇಮ್ ಬಿಸಿಯಲ್ಲಿ ಒಡೆದು ಸಿಹಿ ಕಳೆದುಕೊಳ್ಳುತ್ತದೆ. ಬೇಯಿಸುವ ತಿಂಡಿಗೆ ಅದು ಹೊಂದದು. ಸುಕ್ರಲೋಸ್ ಬಿಸಿಯನ್ನು ಹೆಚ್ಚು ತಡೆಯುತ್ತದೆ. ಅದು ಸಕ್ಕರೆಗಿಂತ ಸುಮಾರು 600 ಪಟ್ಟು ಸಿಹಿ. ಈಗ ನೀವೇ ಲೆಕ್ಕ ಮಾಡಿ: 75 ಗ್ರಾಂ ಸಕ್ಕರೆಯ ಸಿಹಿಗೆ ಬೇಕಾಗುವ ಸುಕ್ರಲೋಸ್ ಎಷ್ಟು? ಸುಮಾರು ಒಂದು ಗ್ರಾಮಿನ ಎಂಟನೆಯ ಒಂದು ಭಾಗ! ಸಿಹಿಯ ಕೆಲಸವನ್ನು ಅದು ಮಾಡೀತು. ಉಳಿದ ಸುಮಾರು 75 ಗ್ರಾಂ ಜಾಗವನ್ನು ಯಾರು ತುಂಬುತ್ತಾರೆ? ಅದಕ್ಕಾಗಿ ಕಾರ್ಖಾನೆಗಳಲ್ಲಿ ಮಾಲ್ಟಿಟಾಲ್‌ನಂತಹ ವಸ್ತುಗಳನ್ನು ಸೇರಿಸುತ್ತಾರೆ. ಅವುಗಳಲ್ಲೂ ಸ್ವಲ್ಪ ಕ್ಯಾಲೊರಿ ಇರುತ್ತದೆ, ಹೆಚ್ಚು ತಿಂದರೆ ಹೊಟ್ಟೆ ಕೆಡುತ್ತದೆ. ತೂಕ ಇಳಿಸಿಕೊಳ್ಳಲೆಂದು ಸಕ್ಕರೆಯಲ್ಲದ ಸಿಹಿಕಾರಕಗಳನ್ನು ನೆಚ್ಚಿಕೊಳ್ಳಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಸಲಹೆ ನೀಡಿದೆ. ಈಗಾಗಲೇ ಮಧುಮೇಹ ಇರುವವರನ್ನು ಆ ಸಲಹೆಯಿಂದ ಹೊರಗಿಟ್ಟಿದೆ.

ಆದ್ದರಿಂದ ನಾನು ಹಿಡಿದ ದಾರಿ ಇಷ್ಟೇ: ಸಕ್ಕರೆಯನ್ನು ಸಕ್ಕರೆಯಾಗಿಯೇ ಉಳಿಸಿಕೊಂಡು ಮೂರನೆಯ ಒಂದು ಪಾಲಿಗೆ ಇಳಿಸುವುದು, ಅದರ ಮಿಕ್ಕ ಕೆಲಸಗಳನ್ನು ನಮ್ಮ ಅಡಿಗೆಮನೆಯ ಡಬ್ಬಿಗಳಲ್ಲಿರುವ ವಸ್ತುಗಳಿಗೆ ಹಂಚುವುದು.

ಬೇಕಾಗುವ ಸಾಮಗ್ರಿ

ಬಿಸ್ಕತ್ತಿಗೆ: ಮೈದಾ 100 ಗ್ರಾಂ, ಹುರಿದ ರಾಗಿ ಹಿಟ್ಟು 40 ಗ್ರಾಂ, ಕೋಕೋ ಪುಡಿ 20 ಗ್ರಾಂ, ಬೆಣ್ಣೆ 70 ಗ್ರಾಂ, ಪುಡಿ ಸಕ್ಕರೆ 30 ಗ್ರಾಂ, ಅಡಿಗೆ ಸೋಡಾ ಕಾಲು ಟೀ ಚಮಚ, ಉಪ್ಪು ಒಂದು ಚಿಟಿಕೆ, ಹಾಲು ಎರಡರಿಂದ ಮೂರು ದೊಡ್ಡ ಚಮಚ.

ಕ್ರೀಮಿಗೆ: ಬೆಣ್ಣೆ 40 ಗ್ರಾಂ, ಹುರಿಗಡಲೆ ಹಿಟ್ಟು 30 ಗ್ರಾಂ, ಹಾಲಿನ ಪುಡಿ 20 ಗ್ರಾಂ, ಪುಡಿ ಸಕ್ಕರೆ 20 ಗ್ರಾಂ, ವೆನಿಲ್ಲಾ ಕೆಲವು ಹನಿ.

ಉಪ್ಪು ಬೆರೆಸಿದ ಬೆಣ್ಣೆಯಾದರೆ ಬೇರೆ ಉಪ್ಪು ಬೇಡ. ಮನೆಯಲ್ಲಿ ಕಡೆದ ಬೆಣ್ಣೆಯಾದರೆ ಮಜ್ಜಿಗೆಯ ನೀರನ್ನು ಚೆನ್ನಾಗಿ ಹಿಂಡಿ ತೆಗೆಯಿರಿ. ಅಳತೆಗೆ ಅಡಿಗೆಮನೆಯ ಸಣ್ಣ ತಕ್ಕಡಿ ಸಾಕು. ಒಂದು ಎಚ್ಚರಿಕೆ: ಕಾಲೇಜಿನ ಪ್ರಯೋಗಾಲಯದ ತಕ್ಕಡಿಯಲ್ಲಿ ತಿನ್ನುವ ವಸ್ತುವನ್ನು ಎಂದಿಗೂ ತೂಗಬೇಡಿ. ಅಲ್ಲಿ ಯಾವ ಯಾವ ರಾಸಾಯನಿಕ ಕುಳಿತಿದ್ದವೋ ಯಾರಿಗೆ ಗೊತ್ತು!

ಯಾರು ಯಾವ ಕೆಲಸಕ್ಕೆ ಬಂದಿದ್ದಾರೆ ನೋಡಿ. ರಾಗಿಯಲ್ಲಿ ಗ್ಲುಟೆನ್ ಇಲ್ಲ. ಆದ್ದರಿಂದ ಹಿಟ್ಟಿನ ಒಟ್ಟು ಬಿಗಿ ಕಡಿಮೆಯಾಗುತ್ತದೆ. ರಾಗಿಯ ಬಣ್ಣವೂ ಕೋಕೋದೊಡನೆ ಹೊಂದಿಕೊಳ್ಳುತ್ತದೆ. ಹಾಗೆಂದು ರಾಗಿಯನ್ನೇ ಪೂರ್ತಿ ಹಾಕಿದರೆ ಬಿಸ್ಕತ್ತು ಕೈಯಲ್ಲೇ ಪುಡಿಯಾಗುತ್ತದೆ. ಹಿಡಿದಿಡಲು ಮೈದಾ ಬೇಕು. ಗಾಳಿಯ ಕೆಲಸ ಸೋಡಾದ್ದು: ಸಹಜವಾದ ಕೋಕೋ ಪುಡಿಯಲ್ಲಿ ಸ್ವಲ್ಪ ಆಮ್ಲದ ಗುಣವಿದೆ, ಸೋಡಾ ಕ್ಷಾರ, ಎರಡೂ ಸೇರಿದಾಗ ಇಂಗಾಲದ ಡೈ ಆಕ್ಸೈಡ್ ಅನಿಲ ಬಿಡುಗಡೆಯಾಗುತ್ತದೆ. ಉಪ್ಪು ನಾಲಿಗೆಗೆ ಕಹಿಯನ್ನು ತಗ್ಗಿಸಿ ತೋರಿಸುತ್ತದೆ, ಹೀಗಾಗಿ ಇರುವಷ್ಟು ಸಿಹಿಯೇ ಹೆಚ್ಚಾಗಿ ತೋರುತ್ತದೆ. ವೆನಿಲ್ಲಾದ ಪರಿಮಳವೂ ಈ ಕೆಲಸಕ್ಕೆ ನೆರವಾಗುತ್ತದೆ. ಕ್ರೀಮಿನಲ್ಲಿ ಜಾಗ ತುಂಬಲು ಹುರಿಗಡಲೆ. ಅದು ಆಗಲೇ ಹುರಿದದ್ದು, ಹಸಿವಾಸನೆ ಇಲ್ಲ. ತುಪ್ಪದೊಡನೆ ಅದು ಹೇಗೆ ಮೆತ್ತಗೆ ಕೂಡಿಕೊಳ್ಳುತ್ತದೆಂಬುದು ಹುರಿಗಡಲೆ ಉಂಡೆ ತಿಂದವರಿಗೆಲ್ಲ ಗೊತ್ತು.

ಮಾಡುವ ಕ್ರಮ

ಚಿಕ್ಕವರಾಗಿದ್ದರೆ ಒಲೆಯ ಕೆಲಸಕ್ಕೆ ಮನೆಯ ಹಿರಿಯರನ್ನು ಜೊತೆಗಿಟ್ಟುಕೊಳ್ಳಿ.

ಮೈದಾ, ರಾಗಿ ಹಿಟ್ಟು, ಸೋಡಾ, ಉಪ್ಪು ನಾಲ್ಕನ್ನೂ ಎರಡು ಬಾರಿ ಜರಡಿ ಹಿಡಿಯಿರಿ. ಎರಡು ದೊಡ್ಡ ಚಮಚ ಬಿಸಿ ಹಾಲಿನಲ್ಲಿ ಕೋಕೋ ಪುಡಿಯನ್ನು ಗಂಟಿಲ್ಲದೆ ಕಲಸಿ ಆರಲು ಬಿಡಿ; ಹೀಗೆ ಮಾಡಿದರೆ ಕೋಕೋದ ಪರಿಮಳ ಚೆನ್ನಾಗಿ ಬಿಡುತ್ತದೆ. ಬೆಣ್ಣೆ ಮತ್ತು ಪುಡಿ ಸಕ್ಕರೆಯನ್ನು ಬಣ್ಣ ತಿಳಿಯಾಗುವವರೆಗೆ ಮರದ ಸೌಟಿನಿಂದ ತಿಕ್ಕಿ, ಕೋಕೋ ಬೆರೆಸಿ, ಕೊನೆಗೆ ಹಿಟ್ಟು ಸೇರಿಸಿ. ಇನ್ನು ನಾದಬೇಡಿ. ಬೆರಳ ತುದಿಯಿಂದ ಒಟ್ಟುಗೂಡಿಸಿದರೆ ಸಾಕು. ಒಡೆಯುವಂತಿದ್ದರೆ ಮಾತ್ರ ಮತ್ತೊಂದು ಚಮಚ ಹಾಲು. ಚಪಾತಿಯ ಅಭ್ಯಾಸದಿಂದ ನಾದಿದಿರೋ, ಗ್ಲುಟೆನ್ ಬಿಗಿಯಾಗಿ ನನ್ನ ಸ್ಟ್ರೈಕರ್ ನಿಮ್ಮ ಮನೆಗೂ ಬಂದೀತು!

ಉಂಡೆಯನ್ನು ಮುಚ್ಚಿ ಅರ್ಧ ಗಂಟೆ ತಂಪಾದ ಕಡೆ ಇಡಿ. ನಂತರ ಹೋಳಿಗೆಗೆ ಬಳಸುವಂತೆ ತೊಳೆದು ಒರೆಸಿದ ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು 4 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ. ಸುಮಾರು 5 ಸೆಂಟಿಮೀಟರ್ ಅಗಲದ ಮುಚ್ಚಳದಿಂದ ಒತ್ತಿದರೆ 32 ಬಿಲ್ಲೆಗಳಾಗುತ್ತವೆ. ಪ್ರತಿಯೊಂದಕ್ಕೂ ಮುಳ್ಳುಚಮಚದಿಂದ ನಾಲ್ಕಾರು ತೂತು ಮಾಡಿ. ತೂತು ಏಕೆಂದು ಈಗ ನಿಮಗೆ ಗೊತ್ತು.

ಓವನ್ ಇದ್ದರೆ 160 ಡಿಗ್ರಿ ಸೆಲ್ಸಿಯಸ್‌ನಲ್ಲಿ 15ರಿಂದ 18 ನಿಮಿಷ. ಇಲ್ಲದಿದ್ದರೆ ದಪ್ಪ ತಳದ ಹಳೆಯ ಪಾತ್ರೆಯಲ್ಲಿ ಎರಡು ಬೆರಳೆತ್ತರ ಮರಳನ್ನೋ ಉಪ್ಪನ್ನೋ ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಬಿಲ್ಲೆಗಳ ತಟ್ಟೆಯನ್ನು ಸ್ಟ್ಯಾಂಡಿನ ಮೇಲಿಟ್ಟು ಸಣ್ಣ ಉರಿಯಲ್ಲಿ 20ರಿಂದ 25 ನಿಮಿಷ ಬೇಯಿಸಿ. ಒಂದೇ ತಟ್ಟೆಯಲ್ಲಿ ಹಿಡಿಸದಿದ್ದರೆ ಎರಡು ಮೂರು ಸಲ ಮಾಡಬೇಕಾದೀತು.

ಇಲ್ಲೊಂದು ತೊಡಕಿದೆ. ಬೇರೆ ಬಿಸ್ಕತ್ತಾದರೆ ಅಂಚು ಹೊಂಬಣ್ಣಕ್ಕೆ ತಿರುಗಿದಾಗ ಬೆಂದಿತೆಂದು ತಿಳಿಯುತ್ತದೆ. ನಮ್ಮದು ಮೊದಲೇ ಕಂದು, ಕಣ್ಣಿನಿಂದ ತಿಳಿಯದು. ಮೂಗು, ಬೆರಳುಗಳನ್ನು ನಂಬಬೇಕು. ಕೋಕೋದ ಪರಿಮಳ ಅಡಿಗೆಮನೆ ತುಂಬಿದಾಗ ಚಮಚದ ಹಿಂಬದಿಯಿಂದ ನಡುವೆ ಮೆಲ್ಲಗೆ ಒತ್ತಿ ನೋಡಿ. ಅಂಚು ಗಟ್ಟಿಯಾಗಿ, ನಡುಭಾಗ ಒಳಕ್ಕೆ ಕುಸಿಯದಿದ್ದರೆ ಉರಿ ಆರಿಸಿ. ಸುಟ್ಟ ವಾಸನೆ ಬಂದರೆ ತಡವಾಯಿತೆಂದೇ ಅರ್ಥ. ಬಿಸಿಯಿರುವಾಗ ಮೆತ್ತಗಿವೆಯೆಂದು ಗಾಬರಿ ಬೇಡ, ಆರಿದಂತೆ ಗಟ್ಟಿಯಾಗುತ್ತವೆ. ಸಕ್ಕರೆ ಕಡಿಮೆಯಾದ್ದರಿಂದ ಗಾಜಿನಂತಾಗುವ ಪಾಕವೂ ಕಡಿಮೆ. ಗರಿಗರಿ ಬರಬೇಕಾದದ್ದು ನೀರು ಆರಿಸುವುದರಿಂದಲೇ. ಆದ್ದರಿಂದಲೇ ದೊಡ್ಡ ಉರಿಯ ಬದಲು ಹೆಚ್ಚು ಹೊತ್ತಿನ ಸಣ್ಣ ಉರಿ.

ಕ್ರೀಮಿಗೆ ಹುರಿಗಡಲೆಯನ್ನು ಬಹಳ ನುಣ್ಣಗೆ ಪುಡಿಮಾಡಿ ತೆಳುವಾದ ಬಟ್ಟೆಯಲ್ಲಿ ಜರಡಿ ಹಿಡಿಯಿರಿ. ಒಂದು ಮಿಲಿಮೀಟರಿನ ಸಾವಿರದಲ್ಲಿ 30 ಭಾಗಕ್ಕಿಂತ ದೊಡ್ಡ ಕಣ ನಾಲಿಗೆಗೆ ಮರಳಿನಂತೆ ತಗಲುತ್ತದೆ. ಚಾಕೊಲೇಟ್ ಕಾರ್ಖಾನೆಗಳಲ್ಲಿ ಅಷ್ಟು ಹೊತ್ತು ಅರೆಯುವುದು ಇದಕ್ಕಾಗಿಯೇ. ಮನೆಯ ಮಿಕ್ಸಿಯಲ್ಲಿ ಅಷ್ಟು ನಯ ಬಾರದು, ಆದರೆ ಬಟ್ಟೆಯ ಜರಡಿಯಿಂದ ಬಹಳ ವ್ಯತ್ಯಾಸವಾಗುತ್ತದೆ. ಬೆಣ್ಣೆಯನ್ನು ತಿಕ್ಕಿ ಸಕ್ಕರೆ, ಹಾಲಿನ ಪುಡಿ, ಹುರಿಗಡಲೆ ಹಿಟ್ಟು, ವೆನಿಲ್ಲಾ ಒಂದೊಂದಾಗಿ ಸೇರಿಸಿ. ಗಟ್ಟಿಯೆನಿಸಿದರೂ ಹಾಲು, ನೀರು ಹಾಕಬೇಡಿ. ಕ್ರೀಮಿನಲ್ಲಿ ನೀರಿದ್ದರೆ ಅದು ಒಣಗಿದ ಬಿಸ್ಕತ್ತಿಗೆ ಇಳಿದು ರಾತ್ರಿ ಕಳೆಯುವುದರೊಳಗೆ ಎಲ್ಲ ಮೆತ್ತಗಾಗುತ್ತದೆ. ಬೇಕಾದರೆ ಒಂದು ಚಮಚ ಬೆಣ್ಣೆಯನ್ನೇ ಹೆಚ್ಚಿಸಿ.

ಬಿಸ್ಕತ್ತು ಪೂರ್ತಿ ಆರಿದ ಮೇಲೆ ಒಂದರ ಮೇಲೆ ಕ್ರೀಂ ಸವರಿ ಇನ್ನೊಂದನ್ನು ಮುಚ್ಚಿ. 16 ಜೋಡಿಗಳಾಗುತ್ತವೆ. ಗಾಳಿಯಾಡದ ಡಬ್ಬಿಯಲ್ಲಿ ಹಾಕಿ, ಬೇಸಿಗೆಯಾದರೆ ಫ್ರಿಜ್ಜಿನಲ್ಲಿಡಿ. ರಾಯಚೂರು, ಕಲಬುರಗಿಯ ಮೇ ತಿಂಗಳಲ್ಲಿ ಬೆಣ್ಣೆಯ ಕ್ರೀಂ ಹೊರಗೆ ನಿಲ್ಲುವುದಿಲ್ಲ. ನಾಲ್ಕೈದು ದಿನಗಳಲ್ಲಿ ಮುಗಿಸಿ.

ಮೂರು ಬಟ್ಟಲಿನ ಪ್ರಯೋಗ

ನಾನು ಹೇಳಿದೆನೆಂದು ನಂಬಬೇಡಿ, ಪರೀಕ್ಷಿಸಿ. ಬಿಸ್ಕತ್ತಿನ ಸಾಮಗ್ರಿಯ ಕಾಲು ಅಳತೆಯನ್ನು ಮೂರು ಬಟ್ಟಲಿನಲ್ಲಿ ಬೇರೆ ಬೇರೆಯಾಗಿ ಕಲಸಿ. ಮೊದಲನೆಯದಕ್ಕೆ ಸಕ್ಕರೆ 19 ಗ್ರಾಂ, ಎರಡನೆಯದಕ್ಕೆ 7.5 ಗ್ರಾಂ, ಮೂರನೆಯದಕ್ಕೆ ಇಲ್ಲವೇ ಇಲ್ಲ. ಮಿಕ್ಕೆಲ್ಲ ಒಂದೇ ಇರಲಿ: ಹಾಲಿನ ಅಳತೆ, ದಪ್ಪ, ಅಗಲ, ಉರಿ, ಹೊತ್ತು. ಒಂದೇ ಅಂಶವನ್ನು ಬದಲಿಸಿ ಉಳಿದದ್ದನ್ನು ಸ್ಥಿರವಾಗಿಡುವುದು ಪ್ರಯೋಗದ ಮೊದಲ ಪಾಠ.

ಬೆಂದ ಮೇಲೆ ಅಗಲವನ್ನು ಅಳೆಯಿರಿ: ಯಾವುದು ಹೆಚ್ಚು ಹರಡಿದೆ? ಮುರಿಯುವಾಗ ಸದ್ದು ಕೇಳಿ: ಯಾವುದು ‘ಟಕ್’ ಎನ್ನುತ್ತದೆ? ಮನೆಯವರಿಗೆ ಯಾವುದು ಏನೆಂದು ಹೇಳದೆ ತಿನ್ನಲು ಕೊಟ್ಟು ಅಂಕ ಕೇಳಿ. ಟಿಪ್ಪಣಿ ಪುಸ್ತಕದಲ್ಲಿ ಬರೆದಿಡಿ. ನಮ್ಮ ಮನೆಯಲ್ಲಿ ಎರಡನೆಯದಕ್ಕೆ ಮೊದಲ ವಾರ ಕಡಿಮೆ ಅಂಕ ಬಂದಿತ್ತು. ತಿಂಗಳ ಮೇಲೆ ಮೊದಲನೆಯದೇ “ಬಹಳ ಸಿಹಿ” ಎನಿಸಿತು. ನಾಲಿಗೆಯೂ ಕಲಿಯುತ್ತದೆ, ಸ್ವಲ್ಪ ಸಮಯ ಕೊಡಬೇಕು.

ಈಗ ಲೆಕ್ಕ

ನನ್ನ ಹಳೆಯ ವಿಧಾನದಲ್ಲಿ ಬಿಸ್ಕತ್ತಿಗೆ 75, ಕ್ರೀಮಿಗೆ 75, ಒಟ್ಟು 150 ಗ್ರಾಂ ಸಕ್ಕರೆ ಬೀಳುತ್ತಿತ್ತು. ಈಗ 30ಕ್ಕೆ 20 ಸೇರಿ 50. ಹದಿನಾರು ಜೋಡಿಗೆ ಹಂಚಿದರೆ ಒಂದಕ್ಕೆ ಸುಮಾರು 3 ಗ್ರಾಂ. ಅಂಗಡಿಯ ಚಾಕೊಲೇಟ್ ಕ್ರೀಂ ಬಿಸ್ಕತ್ತಿನಲ್ಲಿ 100 ಗ್ರಾಮಿಗೆ ಸಾಮಾನ್ಯವಾಗಿ 30ರಿಂದ 40 ಗ್ರಾಂ ಸಕ್ಕರೆ ಇರುತ್ತದೆ. ನಮ್ಮ ಒಂದು ಜೋಡಿಯಷ್ಟೇ ತೂಕದ, ಅಂದರೆ ಸುಮಾರು 22 ಗ್ರಾಮಿನಲ್ಲಿ, 7ರಿಂದ 9 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯ 2015ರ ಮಾರ್ಗಸೂಚಿಯಂತೆ ಸೇರಿಸಿದ ಸಕ್ಕರೆ, ಜೇನುತುಪ್ಪ, ಹಣ್ಣಿನ ರಸ ಮೊದಲಾದವುಗಳ ಸಕ್ಕರೆ ದಿನದ ಶಕ್ತಿಯ ಶೇಕಡಾ 10ಕ್ಕಿಂತ ಕಡಿಮೆ ಇರಬೇಕು. 2000 ಕ್ಯಾಲೊರಿ ಲೆಕ್ಕದಲ್ಲಿ ಅದು 50 ಗ್ರಾಂ. ಶೇಕಡಾ 5, ಅಂದರೆ 25 ಗ್ರಾಂ, ಆದರೆ ಇನ್ನೂ ಒಳ್ಳೆಯದು. ಕಾಫಿ, ಟೀ, ಜ್ಯೂಸ್ ಎಲ್ಲ ಇದರೊಳಗೇ ಬರಬೇಕೆಂಬುದು ನೆನಪಿರಲಿ.

ಹಾಗಾದರೆ ನಮ್ಮದನ್ನು ‘ಕಡಿಮೆ ಸಕ್ಕರೆಯ ಬಿಸ್ಕತ್ತು’ ಎಂದು ಮಾರಬಹುದೇ? ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರದ 2018ರ ನಿಯಮಗಳಂತೆ ಘನ ಆಹಾರದ ಮೇಲೆ ‘ಕಡಿಮೆ ಸಕ್ಕರೆ’ ಎಂದು ಬರೆಯಲು 100 ಗ್ರಾಮಿಗೆ 5 ಗ್ರಾಂ ಮೀರಬಾರದು. ‘ಸಕ್ಕರೆರಹಿತ’ ಎನ್ನಲು 0.5 ಗ್ರಾಂ. ನಮ್ಮ ಬಿಸ್ಕತ್ತಿನಲ್ಲಿ ಹಾಲಿನ ಪುಡಿಯ ಸಹಜ ಸಕ್ಕರೆಯಾದ ಲ್ಯಾಕ್ಟೋಸನ್ನೂ ಸೇರಿಸಿದರೆ 100 ಗ್ರಾಮಿಗೆ ಸುಮಾರು 16 ಗ್ರಾಂ. ಆದ್ದರಿಂದ ಆ ಹೆಸರು ನಮಗೂ ಸಲ್ಲದು! ‘ಸಕ್ಕರೆ ತಗ್ಗಿಸಿದ’ ಎಂದು ನಾನು ತಲೆಬರಹದಲ್ಲಿ ಬರೆದದ್ದು ಅದಕ್ಕೇ.

ಇನ್ನು ವೈದ್ಯರ ಪ್ರಶ್ನೆ. ಮೈದಾ ಮತ್ತು ರಾಗಿಯಿಂದ ನಮ್ಮ 16 ಜೋಡಿಗಳಿಗೆ ಸೇರುವ ಪಿಷ್ಟ ಸುಮಾರು 100 ಗ್ರಾಂ, ಸಕ್ಕರೆಯ ಎರಡರಷ್ಟು. ಅದರ ಬಹುಪಾಲು ಗ್ಲೂಕೋಸ್ ಆಗಿ ರಕ್ತ ಸೇರುವುದೇ. ಬೆಣ್ಣೆಯೂ ಪ್ರತಿ ಜೋಡಿಗೆ 7 ಗ್ರಾಂ ಇದೆ. ಒಂದು ಗ್ರಾಂ ಸಕ್ಕರೆ ಸುಮಾರು 4 ಕ್ಯಾಲೊರಿ ಕೊಟ್ಟರೆ ಒಂದು ಗ್ರಾಂ ಕೊಬ್ಬು 9 ಕೊಡುತ್ತದೆ. ಆದ್ದರಿಂದ ಇದು ಔಷಧವಲ್ಲ, ಮಧುಮೇಹದವರು ಎಣಿಸದೆ ತಿನ್ನುವ ತಿಂಡಿಯೂ ಅಲ್ಲ. ತಿಂಡಿ ತಿಂಡಿಯೇ, ಅದರಲ್ಲಿ ಸಕ್ಕರೆ ಕಡಿಮೆ, ಅಷ್ಟೆ.

ಇದು ಹಿರಿಯರ ಕಾಯಿಲೆ, ನಮಗೇಕೆ ಎಂದು ಕೇಳಬೇಡಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದಂತೆ ನಮ್ಮ ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆ, 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿದ್ದಾರೆ. ತಮ್ಮ ಶಾಲೆಗಳಲ್ಲಿ ಯಾವ ತಿಂಡಿಯಲ್ಲಿ ಎಷ್ಟು ಸಕ್ಕರೆ ಎಂದು ತಿಳಿಸುವ ಫಲಕಗಳನ್ನು ಹಾಕಬೇಕೆಂದು ಕೇಂದ್ರೀಯ ಪ್ರೌಢ ಶಿಕ್ಷಣ ಮಂಡಳಿ 2025ರಲ್ಲಿ ಸೂಚಿಸಿತು. ನಿಮ್ಮ ಶಾಲೆಯಲ್ಲಿ ಅಂತಹ ಫಲಕ ಇಲ್ಲದಿದ್ದರೆ ನೀವೇ ಒಂದು ಬರೆಯಬಹುದು. ಪೊಟ್ಟಣದ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಲು ನಿಮ್ಮ ಎಳೆಯ ಕಣ್ಣುಗಳಿಗೆ ಕನ್ನಡಕವೂ ಬೇಡ! ಮುಂದಿನ ಸಲ ಅಜ್ಜಿಗೆ ಬಿಸ್ಕತ್ತು ಕೊಡುವ ಮುನ್ನ ಮುಂಭಾಗದ ದೊಡ್ಡ ಅಕ್ಷರ ಬಿಟ್ಟು ಹಿಂಭಾಗ ಓದಿ: ಒಟ್ಟು ಕಾರ್ಬೋಹೈಡ್ರೇಟ್ ಎಷ್ಟು, ಅದರಲ್ಲಿ ಸಕ್ಕರೆ ಎಷ್ಟು, ಮೊದಲ ಹೆಸರು ಯಾವ ಹಿಟ್ಟಿನದು.

ನಮ್ಮ ಮನೆಯಲ್ಲಿ ಈಗ ತಿಂಗಳಿಗೊಮ್ಮೆ ಈ ಬಿಸ್ಕತ್ತು ಆಗುತ್ತದೆ. ಲಟ್ಟಿಸುವುದು ಮಗಳು, ತೂಗುವುದು ನಾನು. ಅಮ್ಮನಿಗೆ ಒಂದು ಜೋಡಿ, ಅದೂ ವೈದ್ಯರನ್ನು ಕೇಳಿಕೊಂಡು. ಅಂದು ಸಂಜೆಯ ಉಪ್ಪಿಟ್ಟಿನಲ್ಲಿ ಅಷ್ಟು ಕಡಿತ. ಮೊದಲ ಸಲ ಕೈಗೆ ಕೊಟ್ಟಾಗ ಅವರು, “ಎಷ್ಟು ಬೇಕಾದರೂ ತಿನ್ನಬಹುದಾ?” ಎಂದು ನಕ್ಕರು. “ಇಲ್ಲಮ್ಮಾ, ಒಂದೇ” ಎಂದೆ. ಅವರು ಎರಡು ಬಿಲ್ಲೆಗಳನ್ನು ಬಿಡಿಸಿ, ಮಕ್ಕಳಂತೆ ಕ್ರೀಮನ್ನು ಮೊದಲು ತಿಂದರು.